ದೀಕ್ಷೆಯೋ, ಸ್ನಾನವೋ? ಕೊಲ್ಹಾಪುರ ಸೀಮೆಯ ಕ್ರೈಸ್ತರಲ್ಲಿ ಒಂದು ಸ್ನೇಹದ ಭಿನ್ನಾಭಿಪ್ರಾಯ

ಕಳೆದ ಗೋಷ್ಠಿಯ ಕೊನೆಗೆ ಒಂದು ಪ್ರಶ್ನೆ ಬಂದಿತ್ತು: "ದೀಕ್ಷಾಸ್ನಾನದ ವಾದ ಅಂದ್ರೆ ಕಡೀಗೆ ನೀರು ಎಷ್ಟು ಅನ್ನೋದೇ ಅಲ್ಲೇನ್ರೀ?" ಹೊಳೆಯಲ್ಲಿ ಮುಳುಗಿಸಬೇಕೋ, ತಲೆಯ ಮೇಲೆ ಮೂರು ಸಲ ಹನಿಸಿದರೆ ಸಾಕೋ ಎಂಬುದಷ್ಟೇ ಆಗಿದ್ದರೆ ಈ ವಾದ ಎಂದೋ ಮುಗಿಯುತ್ತಿತ್ತು. ಮೊದಲ ಹೆಜ್ಜೆ ಯಾರದು ಎಂಬುದೇ ಇಲ್ಲಿನ ತಿರುಳು ಅಂತ ನನಗನಿಸುತ್ತದೆ. ದೇವರದೋ, ತಂದೆತಾಯಿ ಮತ್ತು ಸಭೆಯದೋ, ನೀರಿಗಿಳಿಯುವ ವ್ಯಕ್ತಿಯದೋ?

ಪದದಿಂದಲೇ ಶುರು ಮಾಡೋಣ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಕಡೆ ಮರಾಠಿ, ಕನ್ನಡ ಎರಡೂ ಕಿವಿಗೆ ಬೀಳುತ್ತವೆ. ಮರಾಠಿ ಬೈಬಲಿನ 'ಬಾಪ್ತಿಸ್ಮಾ' ಗ್ರೀಕ್ ಪದವನ್ನು ಹಾಗೇ ಉಳಿಸಿಕೊಂಡಿದೆ, ಅರ್ಥವನ್ನು ಓದುಗರಿಗೆ ಬಿಟ್ಟಿದೆ. ಕನ್ನಡದವರು 'ದೀಕ್ಷಾಸ್ನಾನ' ಅಂದರು. ಈ ಆಯ್ಕೆ ಸಣ್ಣದಲ್ಲ. ಬಂಗಾಳಿಯಲ್ಲಿ ಬ್ಯಾಪ್ಟಿಸ್ಟ್ ಅನುವಾದಕರು 'ಮುಳುಗಿಸು' ಎಂಬ ಅರ್ಥದ ಪದವನ್ನೇ ಬಳಸಿದಾಗ ಬ್ರಿಟಿಷ್ ಮತ್ತು ವಿದೇಶಿ ಬೈಬಲ್ ಸೊಸೈಟಿ ಹಣ ಕೊಡಲು ಒಪ್ಪಲಿಲ್ಲ. ಬ್ಯಾಪ್ಟಿಸ್ಟರು 1840ರಲ್ಲಿ ತಮ್ಮದೇ ಬೈಬಲ್ ಅನುವಾದ ಸೊಸೈಟಿ ಕಟ್ಟಿಕೊಂಡರು. ಕನ್ನಡದ 'ಸ್ನಾನ'ಕ್ಕೆ ಆ ತೊಡಕಿಲ್ಲ. ಹೊಳೆಯಲ್ಲಿ ಮುಳುಗಿದರೂ ಸ್ನಾನ, ತಂಬಿಗೆಯಿಂದ ಹೊಯ್ದುಕೊಂಡರೂ ಸ್ನಾನ.

ತೊಡಕು ಇರುವುದು 'ದೀಕ್ಷೆ'ಯಲ್ಲಿ. ದೀಕ್ಷೆ ಅಂದಕೂಡಲೇ ಕೊಡುವವರು ಒಬ್ಬರು, ಬೇಡಿ ಪಡೆಯುವವರು ಒಬ್ಬರು ಎಂಬ ಭಾವ ಬರುತ್ತದೆ. ತೊಟ್ಟಿಲ ಮಗು ಏನನ್ನು ಬೇಡೀತು? ಆದರೆ ಗಡಹಿಂಗ್ಲಜ ಕಡೆಯ ಲಿಂಗಾಯತ ನೆರೆಹೊರೆಯಲ್ಲಿ ಬೆಳೆದವರಿಗೆ ಇದು ಪೂರ್ತಿ ಹೊಸದಲ್ಲ. ಅಲ್ಲಿ ಕೂಸಿಗೆ ಲಿಂಗ ಕಟ್ಟುತ್ತಾರೆ, ಮುಂದೆ ತಿಳಿವಳಿಕೆ ಬಂದಾಗ ದೀಕ್ಷೆ ಕೊಡಿಸುತ್ತಾರೆ. ಎರಡೂ ಧರ್ಮಗಳ ಆಚರಣೆ ಒಂದೇ ಎಂದು ನಾನು ಹೇಳುತ್ತಿಲ್ಲ. ಮೊದಲು ಮನೆಯವರು ಸೇರಿಸುವುದು, ಆಮೇಲೆ ತಾನೇ ಒಪ್ಪಿಕೊಳ್ಳುವುದು ಎಂಬ ಎರಡು ಹಂತದ ಕಲ್ಪನೆ ಈ ಮಣ್ಣಿಗೆ ಪರಕೀಯವಲ್ಲ ಅಂತಷ್ಟೇ.

ಶಿಶು ದೀಕ್ಷಾಸ್ನಾನ ಒಪ್ಪುವವರು ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆಗೆಯುತ್ತಾರೆ. ಲುದ್ಯಳೂ ಸೆರೆಮನೆಯ ಅಧಿಕಾರಿಯೂ ಮನೆಮಂದಿ ಸಹಿತ ದೀಕ್ಷಾಸ್ನಾನ ಪಡೆದರು. ವಿಶ್ವಾಸಿಗಳಿಗೆ ಮಾತ್ರ ಅನ್ನುವವರು "ಆ ಮನೆಗಳಲ್ಲಿ ಕೂಸು ಇತ್ತು ಅಂತ ಎಲ್ಲಿ ಬರೆದಿದೆ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅವರಿಗೆ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಮುಖ್ಯ: ಹಳೆಯ ಬಾಳಿಗೆ ಸತ್ತು, ಹೂತು, ಎದ್ದು ಬರುವುದು. ಸಾಯಲು ಒಪ್ಪಿದವನೇ ನೀರಿಗಿಳಿಯಬೇಕು.

ಕೊಲ್ಹಾಪುರದ ಸಭೆಯ ವಂಶಾವಳಿಯಲ್ಲೇ ಈ ಬಿರುಕು ಇದೆ. ಅಮೆರಿಕನ್ ಬೋರ್ಡ್ 1812ರಲ್ಲಿ ತನ್ನ ಮೊದಲ ಮಿಷನರಿಗಳನ್ನು ಎರಡು ಹಡಗುಗಳಲ್ಲಿ ಭಾರತಕ್ಕೆ ಕಳಿಸಿತು. ಅವರಲ್ಲಿ ಅಡೋನಿರಾಮ್ ಜಡ್ಸನ್ ಪಯಣದುದ್ದಕ್ಕೂ ಈ ಪ್ರಶ್ನೆಯನ್ನೇ ಓದುತ್ತಾ ಬಂದು, ಕಲ್ಕತ್ತಾದಲ್ಲಿ ಮುಳುಗು ದೀಕ್ಷಾಸ್ನಾನ ಪಡೆದು, ತನ್ನನ್ನು ಕಳಿಸಿದ ಬೋರ್ಡಿನ ನಂಟು ಬಿಟ್ಟು ಬರ್ಮಾಕ್ಕೆ ಹೋದರು. ಅದೇ ತಂಡದ ಗಾರ್ಡನ್ ಹಾಲ್ ಮತ್ತು ಸ್ಯಾಮ್ಯುಯೆಲ್ ನಾಟ್ 1813ರಲ್ಲಿ ಮುಂಬಯಿಗೆ ಬಂದರು. ಅಮೆರಿಕನ್ ಮರಾಠಿ ಮಿಷನ್ ಹುಟ್ಟಿತು. ಆ ಮಿಷನ್ನಿನಿಂದ ರಾಯಲ್ ವೈಲ್ಡರ್ 1852ರಲ್ಲಿ ಕೊಲ್ಹಾಪುರಕ್ಕೆ ಬಂದರು, 1870ರಲ್ಲಿ ಅವರ ಕೆಲಸ ಪ್ರೆಸ್ಬಿಟೇರಿಯನ್ ಬೋರ್ಡಿಗೆ ಸೇರಿತು. ಹೀಗಾಗಿ ಇಲ್ಲಿ ಶಿಶು ದೀಕ್ಷಾಸ್ನಾನವೇ ರೂಢಿಯಾಯಿತು.

ಇನ್ನು 1970ರ ನವೆಂಬರ್ 29. ನಾಗಪುರದಲ್ಲಿ ಆರು ಸಭೆಗಳು ಕೂಡಿ ಚರ್ಚ್ ಆಫ್ ನಾರ್ತ್ ಇಂಡಿಯಾ ಆಯಿತು. ಅದರಲ್ಲಿ ಆಂಗ್ಲಿಕನ್ನರೂ ಇದ್ದರು, ಬ್ಯಾಪ್ಟಿಸ್ಟರೂ ಇದ್ದರು. ಇದು ನನಗೆ ಈಗಲೂ ಅಚ್ಚರಿ. ಅವರು ವಾದ ಗೆದ್ದು ಒಂದಾಗಲಿಲ್ಲ. ಎರಡೂ ಪದ್ಧತಿಗಳನ್ನು ಸರಿಸಮ ಎಂದು ಬರೆದುಕೊಂಡರು. ಮಗುವಿಗೆ ದೀಕ್ಷಾಸ್ನಾನ ಮಾಡಿಸಿ, ದೊಡ್ಡದಾದ ಮೇಲೆ ಬಹಿರಂಗವಾಗಿ ವಿಶ್ವಾಸ ಅರಿಕೆ ಮಾಡಿಸಬಹುದು. ಇಲ್ಲವೇ ಮಗುವನ್ನು ಸಮರ್ಪಿಸಿ, ದೀಕ್ಷಾಸ್ನಾನವನ್ನು ಅದರ ಸ್ವಂತ ನಿರ್ಧಾರಕ್ಕೆ ಬಿಡಬಹುದು. ಶಿಶುವಿಗೆ ಕೊಡಲು ಮನಸ್ಸಾಕ್ಷಿ ಒಪ್ಪದ ಸಭಾಪಾಲಕರು ಇನ್ನೊಬ್ಬರನ್ನು ಕರೆಸಿ ಮಾಡಿಸಬಹುದು.

ಎಲ್ಲರಿಗೂ ಕಷ್ಟವಾದದ್ದು ಮೂರನೆಯ ಸಂದರ್ಭ. ಕೂಸಾಗಿದ್ದಾಗ ದೀಕ್ಷಾಸ್ನಾನ ಆದವರು ಇಪ್ಪತ್ತೈದರ ವಯಸ್ಸಲ್ಲಿ "ಅದು ನಂದಲ್ಲ, ಮತ್ತ ಮಾಡಿಸ್ರಿ" ಅಂದರೆ? 1982ರ ಲಿಮಾ ದಾಖಲೆ ನೇರವಾಗಿ ಹೇಳಿತು: ದೀಕ್ಷಾಸ್ನಾನ ಒಂದೇ ಸಲ, ಮರುಸ್ನಾನವೆಂದು ತೋರುವ ಯಾವುದನ್ನೂ ಮಾಡಬಾರದು. ನಾನೂ ಈ ಕಡೆಯವನೇ. ಎರಡನೆಯದನ್ನು ಕೊಡುವುದು ಮೊದಲನೆಯದು ದೀಕ್ಷಾಸ್ನಾನವೇ ಅಲ್ಲ, ನಿನ್ನ ತಾಯಿಯ ಸಭೆ ಸಭೆಯೇ ಅಲ್ಲ ಎಂದಂತೆ. ಆದರೆ ಕೇಳುವವರ ಹಸಿವು ಸುಳ್ಳಲ್ಲ. ಅವರಿಗೆ ನೆನಪಿರುವ ಒಂದು ದಿನ ಬೇಕಾಗಿದೆ. ನಮ್ಮ ದೃಢೀಕರಣದ ಆರಾಧನೆಗಳು ಎಷ್ಟೋ ಕಡೆ ಶಾಲೆಯ ಪರೀಕ್ಷೆಯ ಹಾಗೆ ನಡೆದುಹೋಗುವುದರಿಂದ ಅವರು ಬೇರೆ ಬಾಗಿಲು ತಟ್ಟುತ್ತಾರೆ.

ಇಷ್ಟು ಸಭೆಯೊಳಗಿನ ಮಾತು. ಹೊರಗೆ ಕಾನೂನು ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಸೇರಿಲ್ಲ. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರಿಗೆ ಪರಿಶಿಷ್ಟ ಜಾತಿ ಪ್ರಮಾಣಪತ್ರ ಸಿಗದು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ಅವರು ಚರ್ಚಿಗೆ ಹೋಗುವುದರ ಜೊತೆಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ಆಗಿದ್ದ ದೀಕ್ಷಾಸ್ನಾನವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಕೂಸಿನ ಒಪ್ಪಿಗೆ ಇತ್ತೇ ಎಂಬ ಬ್ಯಾಪ್ಟಿಸ್ಟ್ ಪ್ರಶ್ನೆ ಈಗ ಬರೀ ದೈವಶಾಸ್ತ್ರದ್ದಲ್ಲ.

ಹಾಗಾದರೆ ದಲಿತ ಮನೆತನದ ತಂದೆತಾಯಿ "ಈಗ ಸಮರ್ಪಣೆ ಸಾಕು, ದೀಕ್ಷಾಸ್ನಾನ ಅವನೇ ದೊಡ್ಡವನಾಗಿ ತಗೊಳ್ಳಲಿ" ಅಂದಾಗ, ಕಾರಣ ರೋಮಾಪುರದ ಪತ್ರವೋ ಜಾತಿ ಪ್ರಮಾಣಪತ್ರವೋ ಎಂದು ಸಭಾಪಾಲಕರು ವಿಚಾರಿಸಬೇಕೇ? ಬೇಡ ಅಂತ ನನ್ನ ಅಭಿಪ್ರಾಯ. ಸಮರ್ಪಣೆಯ ದಾರಿಯನ್ನು 1970ರಲ್ಲಿ ತೆರೆದಾಗ ಕಾರಣ ತೋರಿಸಿ ಎಂಬ ಷರತ್ತು ಹಾಕಿರಲಿಲ್ಲ. ಇದನ್ನು ಒಪ್ಪದವರು ನಿಮ್ಮಲ್ಲಿ ಇದ್ದೇ ಇದ್ದೀರಿ. ನಿಮ್ಮ ವಾದ ಕೇಳಲು ಕಾದಿದ್ದೇನೆ.