ಸಣ್ಣ ಟ್ರ್ಯಾಕ್ಟರಿನ ಗಾಲಿಗೆ ಬಿಗಿಯಾದ ಟಾಯರನ್ನು ಮನೆಯಲ್ಲಿಯೇ ಏರಿಸುವ ಕ್ರಮ

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯ ಮೇಲಿರುವ ಶಿರಗುಪ್ಪಿಯ ಸುತ್ತುಮುತ್ತಲಿನ ಭೂಮಿಯು ಬಹುತೇಕ ಎರೆಯೇ ಆಗಿರುವದು. ಈ ಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆಗಳನ್ನು ಬಿತ್ತುವ ಹದವು ಕೆಲವೇ ದಿನ ನಿಲ್ಲುವದು. ಮಳೆ ಹೆಚ್ಚಾದರೆ ಹೊಲದಲ್ಲಿ ಕಾಲಿಡಲಾಗದು; ಬಿಸಿಲು ಹೆಚ್ಚಾದರೆ ನೆಲವು ಬಿರಿಯುವದು. ಇಂಥ ದಿನಗಳಲ್ಲಿ ಸಣ್ಣ ಟ್ರ್ಯಾಕ್ಟರಾಗಲಿ ಪವರ್ ಟಿಲ್ಲರಾಗಲಿ ಒಂದು ಟಾಯರಿನ ದೆಸೆಯಿಂದ ಬದುವಿನ ಮೇಲೆ ನಿಂತರೆ, ಗಾಲಿಯನ್ನು ಹುಬ್ಬಳ್ಳಿಯ ಅಂಗಡಿಗೆ ಸಾಗಿಸಿ ತರುವಷ್ಟರಲ್ಲಿ ಹದವು ಹೋಗಿರುವದು. ಆದುದರಿಂದ ಯಂತ್ರವನ್ನಿಟ್ಟುಕೊಂಡ ಭೂಮಾಲೀಕರೂ, ನೆರೆಯವರಿಗೆ ಬುದ್ಧಿ ಹೇಳತಕ್ಕ ಗ್ರಾಮದ ಹಿರಿಯರೂ ಈ ಕೆಲಸದ ಮರ್ಮವನ್ನು ತಿಳಿದಿರುವದು ಅವಶ್ಯ. ಕೆಲಸವು ಕಷ್ಟದ್ದೆಂಬುದಕ್ಕಿಂತ ಅದನ್ನು ತಪ್ಪು ರೀತಿಯಿಂದ ಮಾಡಿ ಕೈಬೆರಳುಗಳನ್ನೂ ಹೊಸ ಟಾಯರನ್ನೂ ಕೆಡಿಸಿಕೊಳ್ಳುವವರೇ ಹೆಚ್ಚೆಂಬುದು ನಿಜ.

ಚಕ್ಕಡಿಯ ಗಾಲಿಗೆ ಕಂಬಾರನು ಹಳಿಯನ್ನು ಏರಿಸುವದನ್ನು ಎಲ್ಲರೂ ಬಲ್ಲರು. ಹಳಿಯ ಸುತ್ತಳತೆಯನ್ನು ಗಾಲಿಗಿಂತ ತುಸು ಕಡಿಮೆ ಇಟ್ಟು, ಕುಳ್ಳಿನ ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಕಟ್ಟಿಗೆಯ ಮೇಲೆ ಕೂಡ್ರಿಸಿ ನೀರು ಹೊಯ್ದರೆ ಅದು ಕುಗ್ಗಿ ಬಿಗಿಯುವದು. ರಬ್ಬರಿನ ಟಾಯರಿಗೂ ಇದೇ ನ್ಯಾಯವೆಂದು ಬಗೆದು ಅದನ್ನು ಎಳೆದು ಹಿಗ್ಗಿಸಲು ಹೋಗುವದೇ ಮೊದಲನೆಯ ತಪ್ಪು. ಟಾಯರಿನ ಒಳಅಂಚಿನಲ್ಲಿ ಉಕ್ಕಿನ ತಂತಿಯ ಬಳೆ ಇರುವದು. ಅದು ಹಿಗ್ಗುವದಿಲ್ಲ, ಹಿಗ್ಗಲೂ ಬಾರದು. 1888ರಲ್ಲಿ ಡನ್‌ಲಪ್ಪನು ಗಾಳಿಯ ಟಾಯರನ್ನು ಮಾಡಿದಾಗ ಅದನ್ನು ಬಟ್ಟೆಯಿಂದ ಸುತ್ತಿ ಗಾಲಿಗೆ ಅಂಟಿಸಬೇಕಾಗುತ್ತಿತ್ತು. 1890ರಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬವನು ಅಂಚಿಗೆ ತಂತಿಯನ್ನೂ, ರಿಮ್ಮಿನ ನಡುವೆ ಒಂದು ತಗ್ಗನ್ನೂ ಕಲ್ಪಿಸಿದನು. ಇಂದಿನ ಸಣ್ಣ ಗಾಲಿಗಳಲ್ಲಿಯೂ ಅದೇ ಉಪಾಯವಿದೆ. ಟ್ರ್ಯಾಕ್ಟರಿಗೆ ಗಾಳಿಯ ಟಾಯರು ಬಂದದ್ದಾದರೋ ಅಮೇರಿಕೆಯಲ್ಲಿ 1932ರ ಸುಮಾರಿಗೆ.

ಆ ತಗ್ಗಿನಲ್ಲಿಯೇ ಎಲ್ಲ ಯುಕ್ತಿಯೂ ಅಡಗಿರುವದು. ರಿಮ್ಮಿನ ಹೊರತುಟಿಯ ಅಡ್ಡಳತೆಯು ತಂತಿಯಂಚಿನ ಅಡ್ಡಳತೆಗಿಂತ ಒಂದು ಅಂಗುಲಕ್ಕೂ ಹೆಚ್ಚು. ಅಂಚಿನ ಒಂದು ಮಗ್ಗುಲನ್ನು ನಡುವಿನ ತಗ್ಗಿಗೆ ಇಳಿಸಿದಾಗ ಮಾತ್ರ ಎದುರು ಮಗ್ಗುಲಿಗೆ ತುಟಿಯನ್ನು ದಾಟುವಷ್ಟು ಸಡಿಲು ಸಿಗುವದು. ದೊಡ್ಡ ಗಾಲಿಯಲ್ಲಿ ಈ ಒಂದು ಅಂಗುಲವು ಅಲ್ಪ. ಪವರ್ ಟಿಲ್ಲರಿನ 12 ಅಂಗುಲದ ರಿಮ್ಮಿನಲ್ಲಿ ಅದು ದೊಡ್ಡ ಪಾಲು. ಅದರ ಮೇಲೆ ಸಣ್ಣ ಟಾಯರಿನ ಗೋಡೆಯು ಗಿಡ್ಡವೂ ಪೆಡಸೂ ಆಗಿರುವದು. ಸಣ್ಣದು ಸುಲಭವೆಂಬ ಭ್ರಮೆಯನ್ನು ಆದುದರಿಂದ ಬಿಡತಕ್ಕದ್ದು.

ಹಳೆಯ ಟಾಯರನ್ನು ತೆಗೆಯುವ ಮುಂಚೆ ವಾಲಿನ ಪಿನ್ನನ್ನು ಬಿಚ್ಚಿ ಗಾಳಿಯನ್ನು ಪೂರ್ತಿ ಬಿಡತಕ್ಕದ್ದು. ಕೆಲವು ಸಣ್ಣ ಗಾಲಿಗಳ ರಿಮ್ಮು ಎರಡು ಹೋಳಾಗಿದ್ದು ಬೋಲ್ಟುಗಳಿಂದ ಕೂಡಿರುವದು. ಗಾಳಿಯಿರುವಾಗ ಆ ಬೋಲ್ಟುಗಳನ್ನು ಗಾಲಿಯನ್ನು ಬಿಗಿದ ಬೋಲ್ಟುಗಳೆಂದು ತಿಳಿದು ಸಡಿಲಿಸಿದರೆ ಹೋಳುಗಳು ಸಿಡಿದು ಪ್ರಾಣಕ್ಕೇ ಬರುವದು. ಟಾಯರು ಬಿಟ್ಟ ಮೇಲೆ ರಿಮ್ಮನ್ನು ನೋಡಬೇಕು. ಎರೆಯು ಒಣಗಿ ಕಲ್ಲಿನಂತೆ ಹತ್ತಿಕೊಂಡಿರುವದು; ಅದರ ಕೆಳಗೆ ತುಕ್ಕು. ತಂತಿಯ ಕುಂಚಿನಿಂದ ಇವೆರಡನ್ನೂ ಕೆರೆದು, ತೊಳೆದು, ಒಣಗಿಸಬೇಕು. ತುಟಿಯು ಸೊಟ್ಟಾಗಿದ್ದರೆ ಇಲ್ಲವೆ ಬಿರಿದಿದ್ದರೆ ಆ ರಿಮ್ಮಿನ ಆಶೆಯನ್ನು ಬಿಡುವದೇ ಲೇಸು. ಬೆಸುಗೆ ಹಾಕಿಸಿ ಮತ್ತೆ ಬಳಸಬಾರದು.

ಹೊಸ ಟಾಯರನ್ನು ಒಂದು ತಾಸು ಬಿಸಿಲಿನಲ್ಲಿ ಹಾಸುಗಲ್ಲಿನ ಮೇಲೆ ಇಟ್ಟರೆ ಮೆತ್ತಗಾಗುವದು. ಬೆಂಕಿಯ ಹತ್ತಿರಕ್ಕಂತೂ ಒಯ್ಯಕೂಡದು. ಹಳಿಯ ನ್ಯಾಯ ಇಲ್ಲಿ ಸಲ್ಲದು. ಬಳಿಕ ಎರಡೂ ಅಂಚುಗಳಿಗೂ ರಿಮ್ಮಿನ ತುಟಿಗೂ ಸಾಬೂನಿನ ಗಟ್ಟಿ ನೊರೆಯನ್ನು ಸವರಬೇಕು. ಗ್ರೀಸು, ಇಂಜಿನ್ನಿನ ಎಣ್ಣೆ, ಡೀಸೆಲ್ಲುಗಳನ್ನು ಹಚ್ಚುವ ರೂಢಿಯು ಕೆಟ್ಟದ್ದು. ಅವು ರಬ್ಬರನ್ನು ಉಬ್ಬಿಸಿ ಕೆಡಿಸುವವು; ಅಲ್ಲದೆ ಸಾಬೂನಿನಂತೆ ಒಣಗಿ ಹೋಗದೆ ಉಳಿಯುವದರಿಂದ ಭಾರದ ಕೆಲಸದಲ್ಲಿ ಟಾಯರು ರಿಮ್ಮಿನ ಮೇಲೆ ಜಾರಿ ಟ್ಯೂಬನ್ನೆಳೆದು ವಾಲನ್ನು ಬುಡದಲ್ಲಿ ಹರಿಯುವದು.

ರಿಮ್ಮನ್ನು ಗೋಣಿತಟ್ಟಿನ ಮೇಲೆ ಮಲಗಿಸುವಾಗ ನಡುವಿನ ತಗ್ಗು ಯಾವ ಮಗ್ಗುಲಿಗೆ ಸಮೀಪವೋ ಆ ಮಗ್ಗುಲು ಮೇಲಕ್ಕಿರಬೇಕು. ಎಷ್ಟೋ ಜನರು ಅರ್ಧ ದಿನ ಹೆಣಗಿ ಸೋಲುವದು ಈ ಒಂದು ಸಂಗತಿಯನ್ನು ನೋಡದ್ದರಿಂದ. ಟಾಯರಿನ ಮೇಲಿನ ಬಾಣದ ಗುರುತನ್ನೂ ಆಗಲೇ ನೋಡಿಕೊಳ್ಳತಕ್ಕದ್ದು. ಗಾಲಿಯು ಮುಂದಕ್ಕೆ ಉರುಳುವಾಗ ಹಲ್ಲುಗಳ ಚೂಪಾದ ತುದಿಯೇ ಮೊದಲು ನೆಲಕ್ಕೆ ತಾಗಬೇಕು. ತಿರುವುಮುರುವಾದರೆ ಎರೆಯ ಕೆಸರು ಹಲ್ಲುಗಳಲ್ಲಿ ತುಂಬಿಕೊಂಡು ಗಾಲಿಯು ಬರಿದೆ ತಿರುಗುವದು.

ಮೊದಲನೆಯ ಅಂಚು ಸಾಮಾನ್ಯವಾಗಿ ಮೊಣಕಾಲಿನ ಒತ್ತಿಗೇ ಇಳಿಯುವದು. ಅನಂತರ ಟ್ಯೂಬಿಗೆ ಫ್ರೆಂಚ್ ಚಾಕಿನ ಪುಡಿಯನ್ನು ಸವರಿ, ಸುಕ್ಕು ಹೋಗುವಷ್ಟು ಮಾತ್ರ ಗಾಳಿ ತುಂಬಿ ಒಳಗಿಟ್ಟು, ವಾಲನ್ನು ತೂತಿನಿಂದ ಹೊರಗೆ ತೆಗೆದು ಅದರ ನಟ್ಟನ್ನು ಎರಡೇ ಸುತ್ತು ತಿರುವಬೇಕು. ಎರಡನೆಯ ಅಂಚನ್ನು ವಾಲಿನ ಎದುರು ಮಗ್ಗುಲಿನಿಂದ ಆರಂಭಿಸಿ ವಾಲಿನ ಬಳಿ ಮುಗಿಸತಕ್ಕದ್ದು. ವಾಲಿನ ಬಳಿ ಟ್ಯೂಬಿನ ದಪ್ಪ ಬುಡವು ಅಡ್ಡಬಂದು ಅಂಚನ್ನು ತಗ್ಗಿಗೆ ಇಳಿಯಗೊಡದು ಎಂಬುದೇ ಇದಕ್ಕೆ ಕಾರಣ. ಇಳಿದ ಮಗ್ಗುಲನ್ನು ಒಬ್ಬನು ಮೊಣಕಾಲುಗಳಿಂದ ತಗ್ಗಿನೊಳಗೆ ಅದುಮಿ ಹಿಡಿದಿರಬೇಕು; ಇನ್ನೊಬ್ಬನು ಅಂಚು ಮೊಂಡಾದ ಎರಡು ಲೀವರುಗಳಿಂದ ಒಂದು ಸಲಕ್ಕೆ ಮೂರು ನಾಲ್ಕು ಬೆರಳಿನಷ್ಟೇ ದಾಟಿಸುತ್ತ ಬರಬೇಕು. ಲೀವರನ್ನು ಆಳಕ್ಕೆ ತುರುಕಿದರೆ ಟ್ಯೂಬು ಹಿಂಡಿ ತೂತಾಗುವದು. ಕೊನೆಯ ಗೇಣು ಬರದಿದ್ದಾಗ ಉದ್ದನೆಯ ಹಾರೆಯನ್ನು ತರಿಸುವ ಬುದ್ಧಿ ಸಹಜವೇ ಸರಿ. ಆದರೆ ಹಾಗಾದಲ್ಲಿ ಎದುರು ಮಗ್ಗುಲು ತಗ್ಗಿನಿಂದ ಮೇಲೆದ್ದಿದೆಯೆಂದೇ ತಿಳಿಯತಕ್ಕದ್ದು. ಬಲವನ್ನು ಹೆಚ್ಚಿಸದೆ ಅದನ್ನು ಮತ್ತೆ ಅದುಮಿ, ಮತ್ತೆ ನೊರೆ ಹಚ್ಚಬೇಕು. ಹಾರೆಯ ಬಲಕ್ಕೆ ಅಂಚಿನ ತಂತಿಯು ಒಳಗೇ ಮುರಿದರೆ ಹೊರಗೆ ಕಾಣಿಸದು. ಗಾಳಿ ತುಂಬುವಾಗ ಒಡೆಯುವದು.

ಗಾಳಿ ತುಂಬುವದೇ ನಿಜವಾಗಿ ಅಪಾಯದ ಹೊತ್ತು. ವಾಲನ್ನೊಮ್ಮೆ ಒಳಕ್ಕೆ ತಳ್ಳಿ, ಟ್ಯೂಬು ಅಂಚಿನಡಿ ಸಿಕ್ಕಿಲ್ಲವೆಂದು ನೋಡಿ, ಮೆಲ್ಲಗೆ ತುಂಬಬೇಕು. ಅಂಚು ರಿಮ್ಮಿನಲ್ಲಿ ಕೂಡ್ರಲು ಚದರ ಅಂಗುಲಕ್ಕೆ 35 ಪೌಂಡನ್ನು ಮೀರಕೂಡದು. ಟಾಯರಿನ ಮೇಲೆ ಇದಕ್ಕೂ ಕಡಿಮೆ ಮಿತಿಯನ್ನು ಬರೆದಿದ್ದರೆ ಅದೇ ಪ್ರಮಾಣ. 35 ಪೌಂಡು ಅಲ್ಪವೆನಿಸಬಹುದು. ಆದರೆ 12 ಅಂಗುಲದ ರಿಮ್ಮಿನ ಮೇಲಿನ 25 ಅಂಗುಲ ಎತ್ತರದ ಟಾಯರಿನ ಒಂದು ಮಗ್ಗುಲಿನ ವಿಸ್ತಾರವು ಸುಮಾರು 375 ಚದರ ಅಂಗುಲ. ಅದರ ಮೇಲೆ ಬೀಳುವ ಒತ್ತು ಹತ್ತಿರ ಹತ್ತಿರ 6 ಟನ್ನು. ಇದರ ಮುಂದೆ ಬಗ್ಗಿ ನಿಂತು ಬೆರಳಿನಿಂದ ಅಂಚನ್ನು ಸರಿಮಾಡಹೋಗುವವನ ಗತಿಯನ್ನು ವರ್ಣಿಸಬೇಕಾಗಿಲ್ಲ. ಗಾಲಿಯ ಮಗ್ಗುಲು ಬರಿಯ ಗೋಡೆಯ ಕಡೆಗಿರಲಿ. ತುಂಬುವವನು ಹಲ್ಲುಗಳ ಎದುರಿಗೆ, ಉದ್ದನೆಯ ಕೊಳವೆ ಹಿಡಿದು ದೂರ ನಿಲ್ಲಲಿ. ಮಕ್ಕಳನ್ನು ಅಂಗಳದಿಂದ ಕಳಿಸಲಿ. ಟಾಯರಿನ ಅಂಚಿನ ಬಳಿಯ ಗೆರೆಯು ಸುತ್ತಲೂ ರಿಮ್ಮಿನಿಂದ ಒಂದೇ ದೂರದಲ್ಲಿ ಕಂಡರೆ ಕೂತಿದೆಯೆಂದರ್ಥ. ಕೂಡದಿದ್ದರೆ ಗಾಳಿಯನ್ನು ಪೂರ್ತಿ ಬಿಟ್ಟು, ನೊರೆ ಹಚ್ಚಿ, ಪುನಃ ಆರಂಭಿಸಬೇಕು. ಕೂತ ಮೇಲೂ ಒಮ್ಮೆ ಗಾಳಿ ಬಿಟ್ಟು ತುಂಬಿದರೆ ಟ್ಯೂಬಿನ ಸುಕ್ಕು ಬಿಡುವದು. ಕಡೆಗೆ ಯಂತ್ರದ ಕೈಪಿಡಿಯಲ್ಲಿ ಹೇಳಿದಷ್ಟೇ ಗಾಳಿಯನ್ನು ಇಡತಕ್ಕದ್ದು.

ಟ್ಯೂಬಿಲ್ಲದ ಸಣ್ಣ ಟಾಯರುಗಳಲ್ಲಿ ಅಂಚುಗಳು ತುಟಿಗೆ ತಾಗದೆ ಗಾಳಿಯು ಸೋರಿಹೋಗುವದುಂಟು. ಹಲ್ಲುಗಳ ನಡುವೆ ಸುತ್ತಲೂ ಹಗ್ಗ ಕಟ್ಟಿ, ಕೋಲಿನಿಂದ ತಿರುವಿ ಬಿಗಿದರೆ ಅಂಚುಗಳು ಅಗಲಿ ರಿಮ್ಮಿಗೆ ತಾಗುವವು. ಗಾಳಿ ಹಿಡಿದೊಡನೆ ಹಗ್ಗವನ್ನು ಸಡಿಲಿಸಬೇಕು. ಒಳಗೆ ಪೆಟ್ರೋಲು ಸಿಂಪಡಿಸಿ ಕಡ್ಡಿ ಗೀರುವ ಆಟವನ್ನು ಯಾವ ಊರಿನಲ್ಲಿಯೂ ಹಿರಿಯರು ನಡೆಯಗೊಡಬಾರದು.

ಗಾಲಿಯನ್ನು ಯಂತ್ರಕ್ಕೆ ಕೂಡಿಸಿ ಒಂದು ದಿನ ಎಡೆ ಹೊಡೆದಾದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ವಾಲು ನೆಟ್ಟಗಿದೆಯೋ ಎಂದು ನೋಡತಕ್ಕದ್ದು. ಅದು ವಾಲಿದ್ದರೆ ಟಾಯರು ಜಾರುತ್ತಿದೆ. ಆ ಸಂಜೆಯೇ ಗಾಳಿ ಬಿಟ್ಟು ಸರಿಪಡಿಸಿದರೆ ಟ್ಯೂಬು ಉಳಿಯುವದು.