ಅಜ್ಜನ ರೈಫಲ್ಲಿಗೆ ಮತ್ತೆ ಗುರಿ ಬಂದೀತೇ?

ಸುರಪುರ ತಾಲ್ಲೂಕಿನ ಹಳೆಯ ವಾಡೆಯೊಂದರ ಪಡಸಾಲೆಯಲ್ಲಿ, ಹಾಸಿದ ಜಮಖಾನದ ಮೇಲೆ ಆ ರೈಫಲ್ ಮಲಗಿತ್ತು. ಪಾಯಿಂಟ್ 315 ಬೋರ್, ಬೋಲ್ಟ್ ಎಳೆದು ಕಾಡತೂಸು ಏರಿಸುವ ಬಿಎಸ್‌ಎ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಈಗಿನ ಯಜಮಾನರಿಗೆ ಲೈಸೆನ್ಸಿನ ಸಮೇತ ಬಂದದ್ದು. ಅದರ ಬಗ್ಗೆ ಮನೆಮಂದಿಯ ತೀರ್ಪು ಬಹುಕಾಲದಿಂದ ಒಂದೇ: “ನಳಿಗಿ ಸವದದ, ಗುರಿ ಹಿಡಿಯಂಗಿಲ್ಲ.” ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಬಂದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ಕಪಾಟು ಸೇರುತ್ತಿತ್ತು.

ಅದನ್ನು ನೋಡಲೆಂದು ಅಂದು ಬಂದವರು ಶಹಾಪುರದ ಒಬ್ಬ ಹಿರಿಯರು. ಪೊಲೀಸ್ ಶಸ್ತ್ರಾಗಾರದಲ್ಲಿ ಆರ್ಮರರ್ ಆಗಿ ನಿವೃತ್ತರಾದವರು. ಮಾತಿಗೆ ಮೊದಲು ಬೋಲ್ಟ್ ಹೊರತೆಗೆದರು. ಕಾಡತೂಸಿನ ಮನೆ ಖಾಲಿ ಇದೆಯೆಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾತರಿ ಮಾಡಿಕೊಂಡರು. ಆಮೇಲೆ ತಾಮ್ರ ಕರಗಿಸುವ ದ್ರಾವಣದಲ್ಲಿ ನೆನೆಸಿದ ಬಿಳಿ ಚಿಂದಿಯನ್ನು ಗಜಕ್ಕೆ ಸಿಕ್ಕಿಸಿ, ಹಿಂಬದಿಯಿಂದ ನಳಿಗೆಯೊಳಕ್ಕೆ ತಳ್ಳಿದರು. ಮೊದಲ ಚಿಂದಿ ಕಪ್ಪಾಗಿ ಬಂತು. ಸ್ವಲ್ಪ ಹೊತ್ತು ಬಿಟ್ಟು ತಳ್ಳಿದ್ದು ನವಿಲಿನ ಕೊರಳಿನಂಥ ಹಸಿರುನೀಲಿ. ಮತ್ತೊಂದು, ಅದೂ ನೀಲಿ. ಹಿರಿಯರ ಮುಖ ಅರಳಿತು. “ಬರೇ ಸವದಿಲ್ಲ ಇದು, ತುಂಬ್ಯದ” ಅಂದರು.

ಅರ್ಧ ಶತಮಾನದಿಂದ ಸತ್ತಿದೆಯೆಂದು ನಂಬಿದ್ದ ವಸ್ತುವಿನ ಬಗ್ಗೆ ಹೀಗೊಂದು ಮಾತು ಕೇಳಿದರೆ ಆ ಮನೆಯಲ್ಲಿ ಏನಾಗಬೇಡ! ಯಜಮಾನರು ಎದ್ದು ನಿಂತರು. ಒಳಗಿದ್ದವರೆಲ್ಲ ಪಡಸಾಲೆಗೆ ಬಂದರು.

ಹಿರಿಯರು ಹೇಳಿದ್ದು ಲೆಕ್ಕದ ಮಾತು. ರೈಫಲ್ಲಿನ ಪ್ರಾಣವಿರುವುದು ನಳಿಗೆಯೊಳಗಿನ ಸುರುಳಿ ಗೆರೆಗಳಲ್ಲಿ. ಅವು ಗುಂಡನ್ನು ಹಿಡಿದು ತಿರುಗಿಸಿದರೇನೇ ಅದು ಗಾಳಿಯಲ್ಲಿ ಪಲ್ಟಿ ಹೊಡೆಯದೆ ನೇರ ಹೋಗುತ್ತದೆ. ಇದೇ ಬೋಲ್ಟಿನ, ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್ಲಿನಲ್ಲಿ 10 ಇಂಚಿಗೊಂದು ಸುತ್ತು. ಸೆಕೆಂಡಿಗೆ 744 ಮೀಟರ್ ವೇಗದಲ್ಲಿ ಹೊರಬೀಳುವ ಗುಂಡು ಸೆಕೆಂಡಿಗೆ ಸುಮಾರು 2,900 ಸಲ ಗಿರಕಿ ಹೊಡೆಯುತ್ತದೆ. ಪಾಯಿಂಟ್ 315 ಎಂದರೆ ಗೆರೆಗಳ ದಿಬ್ಬದಿಂದ ದಿಬ್ಬಕ್ಕೆ 8 ಮಿಲಿಮೀಟರ್. ಗುಂಡಿನ ದಪ್ಪ ಸುಮಾರು 8.2. ಅಂದರೆ ಗೆರೆಯ ಆಳ ಒಂದೊಂದು ಬದಿಗೆ ಮಿಲಿಮೀಟರಿನ ಹತ್ತನೇ ಒಂದು ಪಾಲು ಮಾತ್ರ. ಅಷ್ಟೇ ಆಳದ ಗೆರೆಯಲ್ಲಿ ಗುಂಡಿನ ಮೇಲ್ಹೊದಿಕೆಯ ತಾಮ್ರ ಬೆರೆತ ಲೋಹ ಪದರ ಪದರವಾಗಿ ಕೂತರೆ ಹಿಡಿತ ಎಲ್ಲಿ ಉಳಿದೀತು? ಕಣ್ಣಿಗೆ ಗೆರೆ ಮಾಸಿದಂತೆ ಕಾಣುತ್ತದೆ. ನೋಡಿದವರು ಸವೆದಿದೆ ಅನ್ನುತ್ತಾರೆ.

ಸವೆತ ಇರಲೇ ಇಲ್ಲವೆಂದಲ್ಲ. ಅದಿದ್ದದ್ದು ನಳಿಗೆಯ ಬಾಯಲ್ಲಿ. ಮದ್ದಿಲ್ಲದ ಡಮ್ಮಿ ಕಾಡತೂಸಿನ ಗುಂಡನ್ನು ಬಾಯಿಗೆ ಇಳಿಬಿಟ್ಟರೆ ಬೇಕಾದ್ದಕ್ಕಿಂತ ಆಳಕ್ಕೆ ಇಳಿಯುತ್ತಿತ್ತು, ಒಂದು ಬದಿಗೆ ಸಡಿಲ ಬೇರೆ. ಇದು ಗುಂಡು ಹಾರಿಸಿ ಆದ ಸವೆತವಲ್ಲ, ಒರೆಸಿ ಆದದ್ದು. ಹಗ್ಗದ ತುದಿಗೆ ಚಿಂದಿ ಕಟ್ಟಿ ನಳಿಗೆಯೊಳಗೆ ಎಳೆಯುವ ಪುಲ್‌ಥ್ರೂ ಬ್ರಿಟಿಷ್ ಸೈನಿಕನ ರೈಫಲ್ಲಿನ ಕುಂದಾದೊಳಗೇ ಇರುತ್ತಿತ್ತು. ಹಗ್ಗವನ್ನು ಓರೆಯಾಗಿ ಎಳೆದರೆ, ಅದಕ್ಕೆ ಅಂಟಿದ ಮರಳು ಬಾಯಂಚನ್ನು ಅರದಂತೆ ತಿನ್ನುತ್ತದೆ. ಈ ಮನೆಯ ಅಜ್ಜ ಶಿಸ್ತಿನ ಮನುಷ್ಯ, ವಾರಕ್ಕೊಮ್ಮೆ ತಪ್ಪದೆ ಒರೆಸುತ್ತಿದ್ದರಂತೆ. ಬಾಯಿ ಒಂದು ಬದಿಗೆ ಸವೆದರೆ ಮದ್ದಿನ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಬಾಲವನ್ನು ವಾಲಿಸುತ್ತದೆ. ಗುರಿ ಅಲ್ಲೇ ಹೋಯಿತು.

ಸುರಪುರದಲ್ಲಿ ಗುರಿಯ ಮಾತೆತ್ತಿದರೆ ನಾಯಕರ ಕಾಲಕ್ಕೆ ಹೋಗದೆ ಮಾತು ಮುಗಿಯದು. 1705ರಲ್ಲಿ ಔರಂಗಜೇಬ ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ ಸೀಮೆಯ ವಾಗಿನಗೇರಾ ಕೋಟೆಯದ್ದು. ಪಿಡ್ಡನಾಯಕನ ಬೇಡರ ಬಂದೂಕುಗಾರರು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬಾದಶಹನನ್ನು ತಡೆದು, ಕೊನೆಗೆ ರಾತ್ರೋರಾತ್ರಿ ಕೋಟೆ ಬಿಟ್ಟು ಜಾರಿಕೊಂಡರು. ಬಾದಶಹ ಅದೇ ಸೀಮೆಯ ದೇವಾಪುರದಲ್ಲಿ ಜಡ್ಡಾಗಿ ಬಿದ್ದ. 1857ರಲ್ಲಿ ಕುಂಪಣಿ ಸರ್ಕಾರ ಆಯುಧ ಒಪ್ಪಿಸಿರೆಂದಾಗ ಹಲಗಲಿಯ ಬೇಡರು ಸಿಡಿದೆದ್ದರು. 1858ರ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಎದ್ದ. ಬೇಡರ ಗುರಿಯ ಕೀರ್ತಿ ಸುಳ್ಳಲ್ಲ. ಆದರೆ ಮೈಲಿ ದೂರದಿಂದ ತುರಾಯಿ ಹಾರಿಸಿದರೆಂಬ ಕತೆಗಳನ್ನು ನಂಬುವುದು ಕಷ್ಟ. ಅಂದಿನ ತೋಡೇದಾರ್, ಅಂದರೆ ಬತ್ತಿ ಹಚ್ಚಿ ಹಾರಿಸುವ ಬಂದೂಕುಗಳ ನಳಿಗೆ ಬಹುಪಾಲು ನುಣುಪು, ಸುರುಳಿ ಗೆರೆ ಇಲ್ಲದ್ದು. ಆ ವೀರರ ದೊಡ್ಡತನ ಇದ್ದದ್ದು ಬಂಡೆಗಳ ಮರೆಯಲ್ಲಿ ಹತ್ತಿರಕ್ಕೆ ಬರುವವರೆಗೆ ಕಾಯುವ ತಾಳ್ಮೆಯಲ್ಲಿ. ಅದು ಕಡಿಮೆ ಸಾಹಸವೇನಲ್ಲ.

ಈ ಪಾಯಿಂಟ್ 315 ಎಂಬ ಅಳತೆ ಇಲ್ಲಿಗೆ ಬಂದದ್ದೇ ಒಂದು ಅಚ್ಚರಿ. ಇದರ ಕಾಡತೂಸು ಹುಟ್ಟಿದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ. 1890ರ ಹೊತ್ತಿಗೆ ಅಲ್ಲಿನ ಸೈನ್ಯದ ಮ್ಯಾನ್‌ಲಿಷರ್ ರೈಫಲ್ಲುಗಳಿಗೆಂದು ಹೊಗೆಯಿಲ್ಲದ ಮದ್ದು ತುಂಬಿದ 8 ಮಿಲಿಮೀಟರ್ ಕಾಡತೂಸು ಇದು. ಕೃಷ್ಣೆಯ ದಂಡೆಗೆ ಹೇಗೆ ಬಂತು? ಬ್ರಿಟಿಷರ ಭಯದಿಂದ. ಸೈನ್ಯದ ದಾಸ್ತಾನಿನಿಂದ ಕದ್ದ ಗುಂಡು ಬಂಡಾಯಗಾರರ ಬಂದೂಕಿಗೆ ಹೊಂದಬಾರದೆಂದು ಸೈನ್ಯದ ಬೋರುಗಳನ್ನು ಭಾರತದಲ್ಲಿ ಖಾಸಗಿಯವರಿಗೆ ನಿಷೇಧಿಸಿದರು. ಪಾಯಿಂಟ್ 450 ನಿಷೇಧವಾದಾಗ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಹುಲಿ ಬೇಟೆಯ ಸಾಹೇಬರಿಗಾಗಿ 1907ರಲ್ಲಿ ಪಾಯಿಂಟ್ 465 ತಂದಿತು. ಲೀ-ಎನ್‌ಫೀಲ್ಡಿನ ಪಾಯಿಂಟ್ 303 ಕೈಗೆ ಸಿಗದಾದಾಗ ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ, ಅದೇ ಲೀ ಬೋಲ್ಟಿನ ರೈಫಲ್ಲಿಗೆ ಈ ಆಸ್ಟ್ರಿಯನ್ ಅಳತೆಯ ನಳಿಗೆ ಹಾಕಿ ಮಾರಿತು. ಆಸ್ಟ್ರಿಯಾದವರು 1930ರ ದಶಕದಲ್ಲಿ ಬೇರೆ ಕಾಡತೂಸಿಗೆ ಹೋದರು. ಬ್ರಿಟಿಷರು ಹೋದರು. ಸ್ವತಂತ್ರ ಭಾರತ ಆ ನಿಷೇಧವನ್ನು ಉಳಿಸಿಕೊಂಡಿತು, ಪಾಯಿಂಟ್ 303 ಇಂದಿಗೂ ನಿಷೇಧಿತ ಬೋರ್. ಬಂಗಾಳದ ಇಚಾಪುರದ ಸರ್ಕಾರಿ ರೈಫಲ್ ಕಾರ್ಖಾನೆ ಪಾಯಿಂಟ್ 315 ರೈಫಲ್ಲುಗಳನ್ನು ಮಾಡಿತು, ಪುಣೆಯ ಖಡಕಿಯಿಂದ ಕಾಡತೂಸು ಬಂತು. ಚಕ್ರವರ್ತಿ ಫ್ರಾಂಜ್ ಜೋಸೆಫನ ಸಿಪಾಯಿಯ ಕಾಡತೂಸು ಅವನ ಸಾಮ್ರಾಜ್ಯ ಅಳಿದ ಮೇಲೂ ನಮ್ಮ ತೊಗರಿ ಸೀಮೆಯ ವಾಡೆಗಳಲ್ಲಿ ಬದುಕಿದೆ. ಇದರ ಮೇಲೊಂದು ಪುಸ್ತಕವನ್ನೇ ಬರೆಯಬಹುದು.

ಮದ್ದಿನ ಶಾಖವೂ ನಳಿಗೆಯನ್ನು ತಿನ್ನುತ್ತದೆ. ಮೊದಲ ಕಾರ್ಡೈಟ್ ಮದ್ದಿನಲ್ಲಿ ನೂರಕ್ಕೆ 58 ಪಾಲು ನೈಟ್ರೋಗ್ಲಿಸರಿನ್ ಇತ್ತು. ಅದರ ಉರಿಗೆ ಲೀ-ಮೆಟ್‌ಫರ್ಡ್ ರೈಫಲ್ಲಿನ ಆಳವಿಲ್ಲದ ಗೆರೆಗಳು ಬೇಗ ಕರಗಿದ್ದರಿಂದಲೇ 1895ರಲ್ಲಿ ಎನ್‌ಫೀಲ್ಡ್ ಗೆರೆಗಳು ಬಂದವು. ಹಳೆಯ ಕೇಪುಗಳ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಉಳಿಯುವ ಉಪ್ಪು ತೇವ ಎಳೆದು ತುಕ್ಕಿನ ಗುಳಿ ಮಾಡುತ್ತದೆ. ಕಾಡತೂಸಿನ ಮನೆಯ ಮುಂದಿನ ಗಂಟಲು ಹೀಗೆ ಸುಟ್ಟುಹೋಗಿದ್ದರೆ ಯಾವ ಉಪಚಾರವೂ ಇಲ್ಲ, ನಳಿಗೆ ಬದಲಿಸಬೇಕು ಇಲ್ಲವೇ ಒಳಕೊಳವೆ ಕೂರಿಸಬೇಕು. ಅದೃಷ್ಟಕ್ಕೆ ಈ ರೈಫಲ್ಲಿನ ಗಂಟಲು ಉಳಿದಿತ್ತು. ಕಡಿಮೆ ಹಾರಿಸಿದ ಬಂದೂಕು.

ಉಳಿದದ್ದು ಮರದ ಕೆಲಸ. ಯಾದಗಿರಿಯ ಬಿಸಿಲಿಗೆ ವಾಲ್‌ನಟ್ ಮರ ಕುಗ್ಗಿ, ಸ್ಕ್ರೂ ಸಡಿಲಾಗಿ, ಲೋಹದ ಭಾಗ ಅಲುಗಾಡುತ್ತಿತ್ತು. ಹಿಂದಿನ ಗುರಿಪಟ್ಟಿಯೂ ಸಡಿಲು. ಪ್ರತಿ ಹೊಡೆತಕ್ಕೂ ನಳಿಗೆ ಒಂದೊಂದು ಕಡೆ ಕೂತರೆ ಚಿನ್ನದಂಥ ನಳಿಗೆಯಿದ್ದೂ ಉಪಯೋಗವಿಲ್ಲ. ಪರವಾನಗಿ ಪಡೆದ ರಿಪೇರಿ ಮಳಿಗೆಯಲ್ಲಿ ನಳಿಗೆಯನ್ನು ಪೂರ್ತಿ ತೊಳೆದು ಮರದ ಆಸನ ಸರಿಪಡಿಸಿದ ಮೇಲೆ, ಶೂಟಿಂಗ್ ರೇಂಜಿನಲ್ಲಿ ಮರಳು ಚೀಲದ ಮೇಲಿಟ್ಟು 50 ಮೀಟರಿಗೆ ಹೊಡೆದು ನೋಡಲಾಯಿತು. ಹಲಗೆಯಲ್ಲೇ ನಿಲ್ಲದಿದ್ದ ಗುಂಡುಗಳು ಈಗ ಅಂಗೈಯಗಲದೊಳಗೆ ಬಿದ್ದವು. ಹೊಸ ರೈಫಲ್ಲಿಗೆ ಇದು ಹೆಮ್ಮೆಯ ಅಂಕವಲ್ಲ, ಆದರೆ ಗುಜರಿಗೆ ಹೊರಟಿದ್ದ ಬಂದೂಕಿಗೆ ಪುನರ್ಜನ್ಮ.

ಬಾಯಿಯ ಸವೆತ ಇನ್ನೂ ಹಾಗೇ ಇದೆ. ಎರಡು ದಾರಿಗಳುಂಟು. ತುದಿ ಕತ್ತರಿಸಿ ಹೊಸ ಬಾಯಿ ತಿರುವುವುದು ಒಂದು. ಸವೆದ ಭಾಗದ ಗೆರೆಗಳನ್ನು ಮಾತ್ರ ಒಳಗಿನಿಂದ ಕೊರೆದು, ಗುಂಡು ಒಳಗಿನ ಒಳ್ಳೆಯ ಗೆರೆಯಿಂದಲೇ ಹೊರಡುವಂತೆ ಮಾಡುವ ಕೌಂಟರ್‌ಬೋರ್ ಇನ್ನೊಂದು. ಸೋವಿಯತ್ ಶಸ್ತ್ರಾಗಾರಗಳು ಸಾಲು ಸಾಲು ಮೊಸಿನ್-ನಾಗಾಂತ್ ರೈಫಲ್ಲುಗಳನ್ನು ಉಳಿಸಿಕೊಂಡದ್ದು ಹೀಗೆಯೇ. ಹಿರಿಯರ ಒಲವು ಎರಡನೆಯದಕ್ಕೆ. ಹೊರಗಿನ ಉದ್ದವೂ ಮುಂದಿನ ಗುರಿಮಣಿಯೂ ಹಾಗೇ ಉಳಿಯುತ್ತವೆ.

ಇಲ್ಲಿ ಕಾನೂನು ಅಡ್ಡ ಬರುತ್ತದೆ, ಬರಬೇಕಾದ್ದೇ. 1959ರ ಆಯುಧ ಕಾಯ್ದೆಯ 5ನೇ ಕಲಮಿನಂತೆ ಬಂದೂಕು ರಿಪೇರಿ ಪರವಾನಗಿ ಪಡೆದವರ ಕೆಲಸ. 6ನೇ ಕಲಮಿನಂತೆ ಪ್ರತ್ಯೇಕ ಪರವಾನಗಿ ಇಲ್ಲದೆ ನಳಿಗೆಯನ್ನು ಗಿಡ್ಡ ಮಾಡುವುದು ಅಪರಾಧ. ಊರ ಲೇತ್ ಅಂಗಡಿಯಲ್ಲಿ ಒಂದಿಂಚು ಕತ್ತರಿಸಿಕೊಟ್ಟರೂ ಮಾಡಿದವರಿಗೂ ಮಾಡಿಸಿದವರಿಗೂ ಜೈಲು.

ಕಲ್ಯಾಣ ಕರ್ನಾಟಕದ ಎಷ್ಟೋ ವಾಡೆಗಳಲ್ಲಿ ಇಂಥ ರೈಫಲ್ಲುಗಳು ಸವೆದಿವೆಯೆಂಬ ನಂಬಿಕೆಯಲ್ಲೇ ತುಕ್ಕು ಹಿಡಿಯುತ್ತಿವೆ. ನಿಮ್ಮ ಮನೆಯಲ್ಲಿ ಒಂದಿದ್ದರೆ ಮೊದಲು ಕಾಗದ ನೋಡಿ. 2016ರ ನಿಯಮಗಳಂತೆ ಲೈಸೆನ್ಸುದಾರರು ತೀರಿಕೊಂಡ ಮೇಲಷ್ಟೇ ಅಲ್ಲ, ಅವರಿಗೆ 70 ತುಂಬಿದರೆ ಅಥವಾ 25 ವರ್ಷ ಆಯುಧ ಇಟ್ಟುಕೊಂಡಿದ್ದರೆ ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ, ಪಿತ್ರಾರ್ಜಿತವೂ ಆ ಲೆಕ್ಕದಲ್ಲೇ. ಲೈಸೆನ್ಸ್ ಕೈಗೆ ಬರುವ ತನಕ ಬಂದೂಕನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿಯುಳ್ಳ ಮಳಿಗೆಯಲ್ಲೋ ಠೇವಣಿ ಇಡಿ. ಬಂದ ಮೇಲೆ ನಳಿಗೆ ಕತ್ತರಿಸುವ ಮಾತಾಡುವವರ ಬಳಿ ಹೋಗಬೇಡಿ. ಬಿಳಿ ಚಿಂದಿ ನೀಲಿಯಾಗುವುದು ನಿಲ್ಲುವವರೆಗೂ ತೊಳೆಯುವ ತಾಳ್ಮೆಯಿರುವ, ಪರವಾನಗಿಯುಳ್ಳ ಕುಶಲಕರ್ಮಿಯ ಕೈಗೆ ಕೊಡಿ.