ಬಗೆಬಗೆತನ ಉಳಿಯುವ ಬಗೆ

ನಿಸರ್ಗದ ಆಯ್ಕೆಯ ತತ್ತ್ವವನ್ನಷ್ಟೇ ಹಿಡಿದು ಯೋಚಿಸಿದರೆ, ತಾವಿರುವ ನೆಲೆಗೆ ಹೆಚ್ಚು ಒಗ್ಗಿದ ಜೀವಿಗಳು ಹೆಚ್ಚು ಮರಿಗಳನ್ನು ಬಿಟ್ಟುಹೋಗುತ್ತ, ಕೆಲವು ನೂರು ಪೀಳಿಗೆಗಳಲ್ಲಿ ಆ ಜಾತಿಯ ಎಲ್ಲ ಜೀವಿಗಳೂ ಒಂದೇ ಅಚ್ಚಿನವಾಗಿಬಿಡಬೇಕು. ಆದರೆ 1966ರಲ್ಲಿ ಅಮೆರಿಕದ ರಿಚರ್ಡ್ ಲೆವೊಂಟಿನ್ ಮತ್ತು ಹಬ್ಬಿ ಎಂಬ ವಿಜ್ಞಾನಿಗಳು ಕಾಡಿನ ಹಣ್ಣುನೊಣಗಳ ಪ್ರೋಟೀನುಗಳನ್ನು ವಿದ್ಯುತ್ತಿನ ನೆರವಿನಿಂದ ಬೇರ್ಪಡಿಸಿ ನೋಡಿದಾಗ, ಪರೀಕ್ಷಿಸಿದ ವಂಶವಾಹಿಗಳಲ್ಲಿ ಸುಮಾರು ಮೂರರಲ್ಲೊಂದು ಭಾಗದವು ಒಂದಕ್ಕಿಂತ ಹೆಚ್ಚು ರೂಪಗಳಲ್ಲಿ ಇರುವುದು ಕಂಡುಬಂತು. ಒಂದೇ ವಂಶವಾಹಿಯ ಇಂಥ ಬೇರೆಬೇರೆ ರೂಪಗಳಿಗೆ ಅಲೀಲುಗಳೆಂದು ಹೆಸರು. ಆಯ್ಕೆ ಸತತವಾಗಿ ಸೋಸುತ್ತಿದ್ದರೂ ಇಷ್ಟೊಂದು ಅಲೀಲುಗಳು ಉಳಿದದ್ದು ಹೇಗೆಂಬ ಪ್ರಶ್ನೆ ಅಂದಿನಿಂದ ಜೀವಿವಿಜ್ಞಾನದ ಮುಖ್ಯ ಪ್ರಶ್ನೆಗಳಲ್ಲೊಂದಾಗಿದೆ. ಇದಕ್ಕೆ ಒಂದೇ ಉತ್ತರವಿಲ್ಲ. ಮೈಸೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಅಂದರೆ ಹುಣಸೂರು, ಪಿರಿಯಾಪಟ್ಟಣ, ಹೆಚ್.ಡಿ. ಕೋಟೆ ತಾಲ್ಲೂಕುಗಳು ನಾಗರಹೊಳೆಯ ಕಾಡಿಗೆ ತಾಗುವ ಕಡೆಯಲ್ಲಿ, ಇದರ ಮುಖ್ಯ ಉತ್ತರಗಳೆಲ್ಲ ಒಟ್ಟಾಗಿ ಕಾಣಸಿಗುತ್ತವೆ.

ಕಬಿನಿ ಹಿನ್ನೀರಿನ ಕಾಡಿನ ಕರಿಚಿರತೆ ಕಳೆದ ದಶಕದಲ್ಲಿ ಹೆಸರುವಾಸಿಯಾಯಿತು. ಅದು ಬೇರೆ ಜಾತಿಯ ಪ್ರಾಣಿಯಲ್ಲ. ಓರೆಬಿಸಿಲಿನಲ್ಲಿ ಅದರ ಮೈಮೇಲೂ ಚುಕ್ಕೆಗಳು ಕಾಣುತ್ತವೆ. ಮೈಬಣ್ಣವನ್ನು ಹದದಲ್ಲಿಡುವ ಅಗೌಟಿ ಎಂಬ ವಂಶವಾಹಿ ಕೆಟ್ಟಾಗ ಕಪ್ಪು ವರ್ಣಕ ಮೈತುಂಬ ಹರಡಿಕೊಳ್ಳುತ್ತದೆ. ಪ್ರತಿ ಚಿರತೆಯಲ್ಲೂ ಈ ವಂಶವಾಹಿಯ ಎರಡು ಪ್ರತಿಗಳಿದ್ದು, ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದಿರುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಮರಿ ಕಪ್ಪಾಗುತ್ತದೆ. ಒಂದು ಸರಿಯಿದ್ದರೂ ಮರಿ ಎಲ್ಲ ಚಿರತೆಗಳಂತೆಯೇ ಇರುತ್ತದೆ. ಹೀಗೆ ಜೋಡಿಯಾದಾಗ ಮಾತ್ರ ಹೊರಗೆ ತೋರುವ ಅಲೀಲನ್ನು ಅಪ್ರಬಲ ಅಲೀಲೆನ್ನುತ್ತಾರೆ.

ಈ ಮರೆಯ ಬಲವನ್ನು 1908ರಲ್ಲಿ ಹಾರ್ಡಿ ಮತ್ತು ವೈನ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡ ಲೆಕ್ಕ ತೋರಿಸಿಕೊಡುತ್ತದೆ. ನೂರು ಚಿರತೆಗಳಲ್ಲಿ ಒಂದು ಕಪ್ಪಾಗಿದೆ ಎಂದಿಟ್ಟುಕೊಂಡರೆ, ಆ ನೂರರಲ್ಲಿ ಹದಿನೆಂಟು ಚಿರತೆಗಳು ಕಪ್ಪಿನ ಒಂದೊಂದು ಪ್ರತಿಯನ್ನು ಹೊತ್ತುಕೊಂಡೂ ಸಾಮಾನ್ಯ ಬಣ್ಣದಲ್ಲೇ ಓಡಾಡುತ್ತಿರುತ್ತವೆ. ಒಟ್ಟು ಇಪ್ಪತ್ತು ಕಪ್ಪಿನ ಪ್ರತಿಗಳಲ್ಲಿ ಹದಿನೆಂಟು ಆಯ್ಕೆಯ ಕಣ್ಣಿಗೆ ಬೀಳುವುದೇ ಇಲ್ಲ. ಕಪ್ಪುಬಣ್ಣ ಬೇಟೆಗೆ ತೊಡಕಾದರೂ ಆಯ್ಕೆಯ ಕೈಗೆ ಸಿಗುವುದು ಉಳಿದ ಎರಡು ಮಾತ್ರ. ತೊಡಕು ಎಲ್ಲೆಡೆ ಒಂದೇ ಅಳತೆಯದೂ ಅಲ್ಲ. ಮಲಯ ಪರ್ಯಾಯದ್ವೀಪದ ದಟ್ಟ ಮಳೆಕಾಡುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಚಿರತೆಗಳೂ ಕಪ್ಪಾಗಿದ್ದರೆ, ಒಣ ಬಯಲುಗಳಲ್ಲಿ ಕಪ್ಪು ತೀರ ವಿರಳ. ಬೇಸಿಗೆಯಲ್ಲಿ ಎಲೆಯುದುರಿ ಮಳೆಗಾಲದಲ್ಲಿ ಮತ್ತೆ ದಟ್ಟವಾಗುವ ನಾಗರಹೊಳೆಯ ಕಾಡು ಈ ಎರಡರ ನಡುವಿನದು. ಚಿರತೆಯೋ ಅಲ್ಲಿಂದಾಚೆಗೂ, ಕೆ.ಆರ್. ನಗರದ ಗದ್ದೆಬಯಲಿನವರೆಗೂ ಬದುಕಬಲ್ಲ ಪ್ರಾಣಿ. ನೆಲೆಗಳು ಬೇರೆಬೇರೆಯಾಗಿದ್ದು, ಅವುಗಳ ನಡುವೆ ಪ್ರಾಣಿಗಳ ಓಡಾಟ ನಿಲ್ಲದಿದ್ದರೆ, ಒಂದು ಕಡೆ ಕಳೆದುಹೋಗುವ ಅಲೀಲು ಇನ್ನೊಂದು ಕಡೆಯಿಂದ ಮತ್ತೆ ಬಂದು ಸೇರುತ್ತದೆ.

ಈ ಓಡಾಟ ನಿಂತಾಗ ಆಗುವುದೇನೆಂಬುದಕ್ಕೆ ಒಡಿಶಾದ ಸಿಮಿಲಿಪಾಲದ ಹುಲಿಗಳೇ ಸಾಕ್ಷಿ. ಪಟ್ಟೆಗಳು ಒಂದರೊಳಗೊಂದು ಬೆರೆತು ಮೈ ಕಪ್ಪಾಗಿ ತೋರುವ ಹುಲಿಗಳು ಅಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚಿವೆಯೆಂದೂ, ಭಾರತದ ಬೇರೆ ಕಾಡುಗಳಲ್ಲಿ ಆ ಅಲೀಲೇ ಕಾಣದೆಂದೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಪ್ರಕಟಿಸಿತು. ಬೇರೆ ಹುಲಿಗಳಿಂದ ದೂರವಾಗಿ ಕೆಲವೇ ಹುಲಿಗಳಿಂದ ಬೆಳೆದ ಕುಲವದು. ಹಲವು ತಳಿಯ ರಾಗಿ ಬೆರೆತ ಚೀಲದಿಂದ ಪ್ರತಿವರ್ಷ ಒಂದೇ ಹಿಡಿಯನ್ನು ಬಿತ್ತನೆಗೆ ತೆಗೆದರೆ ಕೆಲವು ತಳಿಗಳು ಕಾರಣವಿಲ್ಲದೆಯೇ ಕೈತಪ್ಪಿ ಹೋಗುವಂತೆ, ಸಣ್ಣ ಕುಲಗಳಲ್ಲಿ ಅಲೀಲುಗಳು ಬರಿಯ ಆಕಸ್ಮಿಕದಿಂದ ಅಳಿಯುತ್ತವೆ, ಇಲ್ಲವೇ ಮಿತಿಮೀರಿ ಹೆಚ್ಚುತ್ತವೆ. ಇದಕ್ಕೆ ಅನುವಂಶಿಕ ಅಲೆತವೆಂದು ಹೆಸರು. ಒಂದು ಪೀಳಿಗೆಗೆ ಒಂದೆರಡು ಹೊರಗಿನ ಪ್ರಾಣಿಗಳು ಬಂದು ಮರಿಮಾಡಿದರೂ ಈ ಅಲೆತ ಬಹುಮಟ್ಟಿಗೆ ಹದದಲ್ಲಿರುತ್ತದೆಂದು ಸೀವಾಲ್ ರೈಟ್ ಲೆಕ್ಕ ಹಾಕಿ ತೋರಿಸಿದ್ದರು. ನಾಗರಹೊಳೆ, ಬಂಡೀಪುರ, ವಯನಾಡು, ಮುದುಮಲೆಗಳು ಒಂದಕ್ಕೊಂದು ಕೂಡಿಕೊಂಡಿರುವುದು ಈ ಕಾರಣದಿಂದ ಬಹಳ ದೊಡ್ಡ ಭಾಗ್ಯ. ಹೆಚ್.ಡಿ. ಕೋಟೆಯಿಂದ ಬಾವಲಿಯ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿನ ರಾತ್ರಿಸಂಚಾರದ ನಿರ್ಬಂಧದಂಥ ಕ್ರಮಗಳ ಬೆಲೆಯನ್ನು ಬದುಕುಳಿದ ಪ್ರಾಣಿಗಳ ಎಣಿಕೆಯಿಂದಷ್ಟೇ ಅಳೆಯುವುದು ಸಾಲದು.

ಮರೆ, ಬೇರೆಬೇರೆ ನೆಲೆಗಳು, ಓಡಾಟ ಇವೆಲ್ಲವೂ ಅಲೀಲುಗಳ ನಷ್ಟವನ್ನು ತಡೆಯುವ ದಾರಿಗಳು. ಆಯ್ಕೆಯೇ ಮುಂದಾಗಿ ಎರಡು ಅಲೀಲುಗಳನ್ನೂ ಕಾಪಾಡುವ ಸಂದರ್ಭ ಇನ್ನೂ ಗಹನವಾದುದು. ಅದರ ಅತ್ಯಂತ ಸ್ಪಷ್ಟ ನಿದರ್ಶನ ಮನುಷ್ಯರ ನೆತ್ತರಿನಲ್ಲಿದೆ. ಈ ಕಾಡಂಚಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳಲ್ಲಿ, ದೇಶದ ಇತರ ಅನೇಕ ಆದಿವಾಸಿ ಸಮುದಾಯಗಳಲ್ಲಿರುವಂತೆ, ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ, ಕಂಡುಬರುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು ಇಲ್ಲಿಗೆ ದೂರವಲ್ಲದ ನೀಲಗಿರಿಯಲ್ಲಿ, 1952ರಲ್ಲಿ, ಲೇಮನ್ ಮತ್ತು ಕಟ್‌ಬುಷ್. ಹಿಮೋಗ್ಲೋಬಿನ್ನಿನ ಒಂದು ಸರಪಳಿಯಲ್ಲಿ ಆರನೆಯ ಅಮೈನೊ ಆಮ್ಲ ಬದಲಾದದ್ದರಿಂದ, ಆಮ್ಲಜನಕ ಕಡಿಮೆಯಾದಾಗ ಕೆಂಪುಕಣಗಳು ಕುಡುಗೋಲಿನಂತೆ ಬಾಗಿ ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಎರಡೂ ಪ್ರತಿಗಳು ಕುಡುಗೋಲಿನವಾದರೆ ತಾಳಲಾರದ ನೋವು, ರಕ್ತಹೀನತೆ, ಚಿಕಿತ್ಸೆಯಿಲ್ಲದೆಡೆ ಎಳೆಯ ಸಾವು. ಒಂದೇ ಪ್ರತಿಯಿದ್ದವರು ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ; ಅಷ್ಟೇ ಅಲ್ಲ, ಮಾರಕ ಮಲೇರಿಯಾದಿಂದ ಅವರಿಗೆ ಹೆಚ್ಚಿನ ರಕ್ಷಣೆಯಿದೆಯೆಂದು ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡಿದ ಆಂಟನಿ ಆಲಿಸನ್ 1954ರಲ್ಲಿ ತೋರಿಸಿದರು.

ಮಲೇರಿಯಾದ ಕಾಡಿನಲ್ಲಿ ಹೀಗೆ ಎರಡೂ ತುದಿಗಳಿಗೆ ನಷ್ಟ, ನಡುವಿನವರಿಗೆ ಲಾಭ. ಸಾಮಾನ್ಯ ರಕ್ತದವರಲ್ಲಿ ಹತ್ತರಲ್ಲೊಬ್ಬರನ್ನು ಮಲೇರಿಯಾ ಒಯ್ಯುತ್ತದೆ, ಎರಡು ಕುಡುಗೋಲು ಪ್ರತಿಗಳಿರುವವರು ಯಾರೂ ಮಕ್ಕಳನ್ನು ಪಡೆಯುವವರೆಗೆ ಬದುಕುವುದಿಲ್ಲ ಎಂದು ಊಹಿಸಿದರೆ, ಆ ಅಲೀಲಿನ ಪಾಲು ಶೇ. 9ರ ಸುಮಾರಿಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಿದರೆ ಕಾಯಿಲೆ ಇಳಿಸುತ್ತದೆ, ಕುಗ್ಗಿದರೆ ಮಲೇರಿಯಾ ಏರಿಸುತ್ತದೆ. ಇದನ್ನೇ ಸಮತೋಲನದ ಆಯ್ಕೆ ಎನ್ನುವುದು. ಆದ್ದರಿಂದ ಈ ಅಲೀಲನ್ನು ಯಾವುದೇ ಸಮುದಾಯದ ಕುಂದೆಂದು ಕಾಣುವುದು ತಪ್ಪು. ವೈದ್ಯವಿಲ್ಲದ ಕಾಲದಲ್ಲಿ ಎಷ್ಟೋ ಮಕ್ಕಳನ್ನು ಮಲೇರಿಯಾದಿಂದ ಉಳಿಸಿದ್ದೂ ಇದೇ ಅಲೀಲು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಮೇಲೆ ಈ ತಕ್ಕಡಿಯ ಒಂದು ತಟ್ಟೆ ಹಗುರವಾಗುತ್ತ ಬಂತು. ಹಾಗೆಂದು ಅಲೀಲು ಬೇಗನೆ ಮರೆಯಾಗುವುದಿಲ್ಲ. ಕರಿಚಿರತೆಯ ಲೆಕ್ಕವೇ ಇಲ್ಲಿಯೂ ಅನ್ವಯಿಸುತ್ತದೆ. ಮಲೇರಿಯಾ ಪೂರ್ತಿ ಇಲ್ಲವಾಗಿ, ಎರಡು ಪ್ರತಿಗಳಿರುವ ಯಾರಿಗೂ ಮಕ್ಕಳೇ ಆಗದಿದ್ದರೂ, ಶೇ. 9ರಷ್ಟಿದ್ದ ಪಾಲು ಅರ್ಧಕ್ಕಿಳಿಯಲು ಹನ್ನೊಂದು ಪೀಳಿಗೆಗಳು, ಅಂದರೆ ಹೆಚ್ಚುಕಡಿಮೆ ಮುನ್ನೂರು ವರ್ಷ ಬೇಕು. ಹೈಡ್ರಾಕ್ಸಿಯೂರಿಯಾದಂಥ ಔಷಧಿಗಳಿಂದ ರೋಗಿಗಳು ಬದುಕಿ ಬಾಳುವಂತಾದರೆ, ಆಗಬೇಕಾದುದೂ ಅದೇ, ಇಳಿಕೆ ಇನ್ನಷ್ಟು ನಿಧಾನವಾಗುತ್ತದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 2047ರ ಗುರಿಯಿಟ್ಟುಕೊಂಡಿರುವುದು ಕಾಯಿಲೆಯ ಮೇಲೆಯೇ ಹೊರತು ಅಲೀಲಿನ ಮೇಲಲ್ಲ. ಹಾಡಿಗಳಲ್ಲಿ ರಕ್ತಪರೀಕ್ಷೆ ನಡೆಸಿ, ಒಂದು ಪ್ರತಿಯಿರುವವರು ಯಾರೆಂದು ಮದುವೆಗೆ ಮುಂಚೆಯೇ ತಿಳಿಸಿದರೆ, ಅಂಥ ಇಬ್ಬರ ಮಕ್ಕಳಲ್ಲಿ ನಾಲ್ಕರಲ್ಲೊಂದು ಪಾಲು ಕಾಯಿಲೆಯ ಸಂಭವವಿರುವುದನ್ನು ಅರಿತು ಕುಟುಂಬಗಳು ತೀರ್ಮಾನಕ್ಕೆ ಬರಬಹುದು.